ಕೆಲಸಕ್ಕೆ ಎರಡು ಅಂಗಿ

ಬಟ್ಟೆ ಅಂಗಡಿಯ ಪರದೆಯ ಆಚೆಯಿಂದ ಗಂಡ ಕರೆಯಲಿಲ್ಲ. ಆದರೂ ಅವಳು ಒಳಗೆ ಹೋದಳು. ಅವನ ಎಡಗೈ ಹೊಸ ಅಂಗಿಯ ತೋಳಿನಲ್ಲಿ ಅರ್ಧ ಹೋಗಿ ಸಿಕ್ಕಿಕೊಂಡಿತ್ತು. ಯಾರಾದರೂ ಬಂದು ಬಿಡಿಸಲಿ ಎಂಬಂತೆ ಕನ್ನಡಿಗೆ ಬೆನ್ನು ಹಾಕಿ ನಿಂತಿದ್ದ. ಅವಳು ಮೆಲ್ಲಗೆ ತೋಳು ಬಿಡಿಸಿದಳು. ಹೆಗಲಿನಿಂದ ಕತ್ತಿನವರೆಗೆ ಹೊಸ ಚರ್ಮ, ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು.

"ಚುಚ್ಚುತ್ತಾ?"

"ಕಾಲರ್ ಹತ್ರ ಸ್ವಲ್ಪ. ಹಾಕ್ಕೊಂಡು ಹಾಕ್ಕೊಂಡು ಮೆತ್ತಗಾಗುತ್ತೆ ಬಿಡು."

"ಬೇಡ," ಎಂದು ಅದನ್ನು ಮಡಚಿ ಹೊರಗೆ ತಂದಳು.

ಸೋಮವಾರದಿಂದ ಅವನು ಮತ್ತೆ ವೆಲ್ಡಿಂಗ್ ಶೆಡ್ಡಿಗೆ ಹೋಗಬೇಕಿತ್ತು. ಮೈಗೆ ಉಜ್ಜದ ಮೆತ್ತನೆಯ ಬಟ್ಟೆಯನ್ನೇ ಹಾಕಬೇಕೆಂದು ಡಾಕ್ಟರು ಹೇಳಿದ್ದರು. ಮೆತ್ತಗಿರುವುದೆಲ್ಲ ತೆಳ್ಳಗಿತ್ತು, ಶೆಡ್ಡಿನಲ್ಲಿ ಬಾಳುವಂಥದ್ದೆಲ್ಲ ಗೋಣಿಯಂತಿತ್ತು. ಇದು ಅವರು ಹತ್ತಿದ ಮೂರನೆಯ ಅಂಗಡಿ. ಔಷಧಿ ಕಾರ್ಖಾನೆಯಲ್ಲಿ ಬೆಳಗಿನಿಂದ ನಿಂತು ಸೀಸೆಗಳಿಗೆ ಚೀಟಿ ಅಂಟಿಸಿ ನೇರ ಇಲ್ಲಿಗೆ ಬಂದಿದ್ದ ಅವಳಿಗೆ ಕಾಲು ಊದಿ ಚಪ್ಪಲಿಯ ಪಟ್ಟಿ ಒತ್ತುತ್ತಿತ್ತು. ಅವನೋ, ಆಸ್ಪತ್ರೆಯಿಂದ ಬಂದಮೇಲೆ ಎಲ್ಲಕ್ಕೂ "ನೀನೇ ನೋಡು" ಅನ್ನುತ್ತಿದ್ದ. ಅವಳಿಗೆ ಒಂದು ಕರವಸ್ತ್ರ ಆರಿಸುವುದಕ್ಕೂ ಕೈ ಬಾರದಾಗಿತ್ತು.

ಕತ್ತಿಗೆ ಟೇಪು ಹಾಕಿಕೊಂಡಿದ್ದ ಅಂಗಡಿಯವನು ಬೇಸರಿಸದೆ ಹರಡುತ್ತಲೇ ಇದ್ದ. ಕೊನೆಗೆ ಮಿರುಗುವ ನೀಲಿ ಅಂಗಿಯೊಂದನ್ನು ಮುಂದೆ ಸರಿಸಿದ. "ಕಣ್ಮುಚ್ಕೊಂಡು ತಗೊಳ್ಳಿ ಅಕ್ಕ. ಇಸ್ತ್ರಿ ಬೇಡ, ಬಣ್ಣ ಹೋಗಲ್ಲ, ಕಲ್ಲಿಗೆ ಬಡಿದ್ರೂ ಹರಿಯಲ್ಲ."

ಹೋದ ವರ್ಷ ಇನ್ನೊಂದು ಅಂಗಡಿಯಲ್ಲಿ ಇದೇ ಮಾತು ನಂಬಿ ಅವಳು ಅಂಥದ್ದೇ ಅಂಗಿ ಒಯ್ದಿದ್ದಳು. ಅದನ್ನು ಹಾಕಿಕೊಂಡಿದ್ದಾಗಲೇ ಶೆಡ್ಡಿನಲ್ಲಿ ಅವನ ಹೆಗಲಿಗೆ ಕಿಡಿ ಬಿದ್ದಿತ್ತು. ಅವಳು ನೀಲಿ ಅಂಗಿಯನ್ನು ಮುಟ್ಟಲಿಲ್ಲ.

"ಯಾವುದೇ ಕೊಡಿ, ಒಂದು ದಾರ ಕಿತ್ತು ಸುಟ್ಟು ತೋರ್ಸಿ," ಎಂದಳು. "ಸುಟ್ರೆ ಬೂದಿಯಾಗ್ಬೇಕು. ಕರಗಿ ಮೈಗೆ ಅಂಟ್ಕೋಬಾರದು."

ಅಂಗಡಿಯವನು ಅವಳ ಗಂಡನ ಕತ್ತಿನ ಕಡೆ ನೋಡಿದ. ನೀಲಿ ಅಂಗಿಯನ್ನು ತೆಗೆದಿಟ್ಟು, ಕೆಳಗಿನ ಅರೆಯಿಂದ ಬೂದು ಬಣ್ಣದ ಹತ್ತಿಯದೊಂದನ್ನು ತಂದ. ಬಟ್ಟೆ ದಪ್ಪ, ಆದರೆ ಹಳೆಯ ಹೊದಿಕೆಯಂತೆ ಮೆತ್ತಗಿತ್ತು. ಹೆಗಲಿಗೆ ಎರಡು ಸಾಲು ಹೊಲಿಗೆ. ಒಳಅಂಚಿನಿಂದ ದಾರ ಎಳೆದು, ಬಾಗಿಲ ಬಳಿ ಹೋಗಿ ಕಡ್ಡಿ ಗೀರಿದ. ಕಾಗದ ಸುಟ್ಟ ವಾಸನೆ ಬಂತು. ಬೆರಳಲ್ಲಿ ಉಜ್ಜಿದರೆ ಬೂದಿ. ಅವಳು ಅಂಥವೇ ಎರಡು ಕಟ್ಟಲು ಹೇಳಿದಳು.

ಬೆಂಚಿನ ಮೇಲೆ ಕೂತಿದ್ದ ಗಂಡ ಆಗ ಬಾಯಿಬಿಟ್ಟ. "ಅವತ್ತು ನಾನು ಚರ್ಮದ ಕೋಟು ಹಾಕಿರ್ಲಿಲ್ಲ. ಸೆಕೆ ಅಂತ ಮೊಳೆಗೆ ನೇತಾಕಿದ್ದೆ. ಮೇಸ್ತ್ರಿ ಹಾಕ್ಕೊ ಅಂದಿದ್ರು."

ಅವಳಿಗೆ ಹಗುರವೇನೂ ಅನ್ನಿಸಲಿಲ್ಲ. ಕಾಲು ಇನ್ನಷ್ಟು ನೋಯತೊಡಗಿತು, ಅಷ್ಟೇ. ಗಾಯಕ್ಕೆ ಮುಲಾಮು ಹಚ್ಚುವಾಗಲೆಲ್ಲ ಅವನು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದ. ಆ ಅಂಗಿ ತಂದ ತನ್ನ ಮೇಲಿನ ಸಿಟ್ಟಿಗೆಂದೇ ಅವಳು ತಿಳಿದಿದ್ದಳು.

"ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನೀನು ಬೈತಾ ಇದ್ದಿದ್ರೆ ಹೇಳ್ತಿದ್ದೆ. ನೀನು ಬೈಯೋದನ್ನೇ ಬಿಟ್ಬಿಟ್ಟಿದ್ದೆ."

ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಅವಳು ತಗ್ಗಿದ ದನಿಯಲ್ಲಿ ಶುರು ಮಾಡಿದಳು. ಕೋಟಿನ ಬಗ್ಗೆ, ಮೇಸ್ತ್ರಿಯ ಮಾತು ಕೇಳದ್ದರ ಬಗ್ಗೆ, ಆಮೇಲೆ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುವುದರ ಬಗ್ಗೆ, ಮದುವೆಯಾದಂದಿನಿಂದ ಇದ್ದ ಎಲ್ಲದರ ಬಗ್ಗೆ. ಅವನು ಕಿಟಕಿಗೆ ಒರಗಿ "ಹೂಂ, ಹೂಂ" ಅನ್ನುತ್ತಾ ಬಂದ.

ಮನೆಗೆ ಬಂದವಳೇ, ಗಂಜಿ ಹೋಗಲೆಂದು ಎರಡೂ ಅಂಗಿಗಳನ್ನು ಬಕೆಟ್ಟಿನಲ್ಲಿ ನೆನೆಸಿದಳು. ನೀರು ಕುಡಿದ ದಪ್ಪ ಬಟ್ಟೆ ಅವಳೊಬ್ಬಳ ಕೈಗೆ ಹಿಂಡಲು ಬಗ್ಗಲಿಲ್ಲ. ಅವನು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಒಂದು ತುದಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದ. ಅವಳು ಇನ್ನೊಂದು ತುದಿಯನ್ನು ತಿರುಚುತ್ತಾ ಹೋದಳು. ಬೂದು ನೀರು ಇಬ್ಬರ ಪಾದಗಳ ಮೇಲೂ ಸುರಿಯಿತು.