ಕಾಲುವೆಯಾಚೆಯ ದರ

ಮಾವನವರು ಮಾತು ಶುರುಮಾಡುವ ಮುನ್ನ ಎದ್ದುಹೋಗಿ ಫ್ಯಾನು ಆರಿಸಿದರು. ಮಾತಾಡುವಾಗ ಬಾಯಿಂದಲೇ ಬೇಕಾದಷ್ಟು ಗಾಳಿ ಬರುತ್ತದೆ, ಇನ್ನೊಂದು ಗಾಳಿಗೆ ದುಡ್ಡು ಸುರಿಯುವುದೇಕೆ ಎಂಬುದು ಅವರ ಅಭಿಪ್ರಾಯವಿದ್ದೀತು. ಊಟದ ಮೇಜಿನ ಸುತ್ತ ಕೂತ ಮೂವರೂ, ಹೆಂಡತಿ, ಮಗ, ಸೊಸೆ, ಬೆವರೊರೆಸಿಕೊಂಡು ಅವರ ಮುಖ ನೋಡಿದರು.

ವಿಷಯ ಮನೆ ಬದಲಿಸುವುದು. ಬಾಡಿಗೆ ಮನೆಯ ಒಡತಿ ಅದನ್ನು ಮಾರಿ ಕೈತೊಳೆದುಕೊಂಡಿದ್ದಳು. ಕೊಂಡವನು ಕೆಡವಿ ಕಟ್ಟುವ ಅವಸರದಲ್ಲಿದ್ದ. ಬೇರೆಯವರಾಗಿದ್ದರೆ ನೀರು, ಬಿಸಿಲು, ಬಸ್ಸು, ನೆರೆಹೊರೆ ಎಂದು ವಿಚಾರಿಸುತ್ತಿದ್ದರು. ಮಾವ ವಿಚಾರಿಸಿದ್ದು ಒಂದೇ: ಮನೆಗೆ ಕರೆಂಟು ಕೊಡುವ ಕಂಪನಿ ಯಾವುದು. ಅವರು ವಿದ್ಯುತ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಆ ಊರಿನ ಅಂಚಿನಲ್ಲಿ ಮೂರು ಕಂಪನಿಗಳ ಗಡಿ ಕೂಡುತ್ತಿದ್ದುದು ಅವರ ಪಾಲಿಗೆ ವಿಧಿ ಕೊಟ್ಟ ವರ. ಮೂರರ ದರವೂ ನಾಲಿಗೆಯ ತುದಿಯಲ್ಲಿತ್ತು. ಬರೆದಿಟ್ಟುಕೊಳ್ಳುವವರನ್ನು ಕಂಡರೆ ಅವರಿಗೆ ಕನಿಕರ. ಬೀದಿಯವರು ಹಿಂದಿನಿಂದ 'ಯೂನಿಟ್ ಯಜಮಾನರು' ಅನ್ನುತ್ತಿದ್ದರು. ಎದುರಿಗೆ ಸಿಕ್ಕರೆ ಏನೂ ಅನ್ನದೆ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿದ್ದರು.

ಊರಿನ ಕಂಪನಿ, ಅಂದರೆ ತಾವೇ ದುಡಿದದ್ದು, ಕಳ್ಳರ ಸಂತೆ ಎಂದರು. ಗುಡ್ಡದ ಕಡೆಯ ಕಂಪನಿ ದಡ್ಡರ ದರ್ಬಾರು. ಅಲ್ಲಿ ಮೊದಲ ಯೂನಿಟ್ಟಿಗೂ ಸಾವಿರನೆಯ ಯೂನಿಟ್ಟಿಗೂ ಒಂದೇ ದರ, ಮನೆಯಲ್ಲಿ ಕಸುಬು ಮಾಡಿದರೂ ಅದೇ ದರ. ಹಿಡಿತದಲ್ಲಿರುವವನಿಗೂ ಪೋಲು ಮಾಡುವವನಿಗೂ ವ್ಯತ್ಯಾಸ ತಿಳಿಯದ್ದನ್ನು ಕಂಪನಿ ಎನ್ನುವುದಾದರೂ ಹೇಗೆ? ಕಾಲುವೆಯಾಚೆಯದು ಮಾತ್ರ ಮರ್ಯಾದಸ್ಥರ ಕಂಪನಿ. ಸ್ವಲ್ಪ ಉರಿಸುವವರಿಗೆ ಸುತ್ತಮುತ್ತ ಎಲ್ಲೂ ಇಲ್ಲದ ಅಗ್ಗ. ಉರಿಸುತ್ತ ಹೋದಂತೆ ದರ ಏಣಿ ಹತ್ತುತ್ತದೆ. ಅದು ದಂಡನೆ, ಮತ್ತು ದಂಡನೆ ಇರಬೇಕು.

"ನಮ್ಮಂಥವರಿಗೇ ಮಾಡಿಸಿದ ಹಾಗಿದೆ ಅದು," ಎಂದರು. "ಮನೇನೂ ನೋಡಿದೀನಿ. ಮುಂಗಡ ಕೊಡೋದೊಂದು ಬಾಕಿ."

ನಾವೂ ಒಂದು ಸಲ ನೋಡಬಹುದೇ ಎಂದು ಅತ್ತೆ ಕೇಳಿದರು. ನೋಡುವುದೇನಿದೆ, ಗೋಡೆ ಇದೆ, ಸೂರು ಇದೆ ಎಂಬ ಮುಖ ಮಾಡಿ ಮಾವ ಒಪ್ಪಿದರು. ಮಗ ಕೋಲೆಬಸವನ ಹಾಗೆ ತಲೆಯಾಡಿಸಿದ. ಅವನು ಖಾಸಗಿ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ತರಗತಿಯಲ್ಲಿ ಖಂಡಗಳನ್ನೇ ಕದಲಿಸುವವನು ಮನೆಯಲ್ಲಿ ಒಂದು ಕುರ್ಚಿಯನ್ನೂ ಕದಲಿಸುತ್ತಿರಲಿಲ್ಲ.

ಅವನ ಹೆಂಡತಿಯ ಗಮನ ಹಿತ್ತಿಲ ಕಡೆಗಿತ್ತು. ಅಲ್ಲಿ ತಗಡಿನ ಮಾಡಿನ ಕೆಳಗೆ ಅವಳ ಆವಿಗೆ ಆರುತ್ತಿತ್ತು: ಎದೆಯೆತ್ತರದ, ಉಕ್ಕಿನ ಮೈಯ, ಕರೆಂಟಿನಿಂದ ಕಾಯುವ ಆವಿಗೆ. ಹೋಟೆಲುಗಳಿಗೆ ಮಣ್ಣಿನ ಬಟ್ಟಲು, ತಟ್ಟೆ, ಹೂಜಿ ಮಾಡಿಕೊಡುವುದು ಅವಳ ಕಸುಬು. ಹಸಿ ಬಟ್ಟಲನ್ನು ಒಮ್ಮೆ ಸುಟ್ಟು, ಮೆರುಗು ಬಳಿದು, ಮತ್ತೆ ಸುಡಬೇಕು. ಕಾವು ಏರತೊಡಗಿದ ಮೇಲೆ ನಡುವೆ ನಿಲ್ಲಿಸುವ ಹಾಗಿಲ್ಲ. ಹಿಂದೊಮ್ಮೆ ಮಾವ ನಿಲ್ಲಿಸಿದ್ದರು. ಹಿತ್ತಿಲಿಗೆ ಹೋದವರು, ಯಾರೂ ಇಲ್ಲದ ಕಡೆ ಸುಮ್ಮನೆ ಉರಿಯುತ್ತಿತ್ತೆಂದು ಸ್ವಿಚ್ಚು ಆರಿಸಿ ಬಂದಿದ್ದರು. ಒಂದು ಇಡೀ ಹೋಟೆಲಿನ ತಟ್ಟೆಗಳು ಮೆರುಗು ಹೆಪ್ಪುಗಟ್ಟಿ ಹಾಳಾದವು. ಅಪ್ಪನಿಗೆ ಗೊತ್ತಾಗಲಿಲ್ಲ ಎಂದು ಗಂಡ ಸಮಾಧಾನ ಹೇಳಿದ್ದ. ಮಾವ ಆವಿಗೆಯನ್ನು ಅವಳ ಹವ್ಯಾಸ ಎನ್ನುತ್ತಿದ್ದರು. ಮನೆಯ ಬಾಡಿಗೆ ಆ ಹವ್ಯಾಸದಿಂದ ಹೋಗುತ್ತಿತ್ತು. ಗಂಡನ ಶಾಲೆಯು ಸಂಬಳ ಕೊಡುವುದನ್ನು ತನ್ನ ಹವ್ಯಾಸವಾಗಿ ಇಟ್ಟುಕೊಂಡಿತ್ತು.

ಮರುದಿನ ಮಧ್ಯಾಹ್ನ ನಾಲ್ವರೂ ಕಾಲುವೆಯ ಸೇತುವೆ ದಾಟಿದರು. ಮನೆ ಎರಡು ಎತ್ತರದ ಕಟ್ಟಡಗಳ ನಡುವೆ, ಬಸ್ಸಿನ ಸೀಟಿನಲ್ಲಿ ಇಬ್ಬರು ಧಡೂತಿಗಳ ಮಧ್ಯೆ ಸಿಕ್ಕಿಕೊಂಡ ಬಡಕಲನಂತಿತ್ತು. ಬಾಗಿಲು ತೆರೆದ ಮಾವ ಮೊದಲು ದೀಪ ಹಾಕಿದರು. ಹೊರಗೆ ಉರಿಬಿಸಿಲು, ಒಳಗಿನ ಮಬ್ಬಿಗೆ ಮಗ ಹೊಸ್ತಿಲು ಎಡವಿದ. ಅಡುಗೆಮನೆಗೂ ದೀಪ ಬೇಕಾಯಿತು, ಬಚ್ಚಲಿಗೂ. ಇಲ್ಲಿ ಹಗಲೂ ಉರಿಸಬೇಕಲ್ಲ ಎಂದು ಅತ್ತೆ ಅಂದದ್ದಕ್ಕೆ, ಈ ದರದಲ್ಲಿ ಹಗಲಿರುಳು ಉರಿಸಿದರೂ ಊರಿನ ಕಂಪನಿಯಲ್ಲಿ ಬರೀ ಇರುಳು ಉರಿಸಿದ್ದಕ್ಕಿಂತ ಕಡಿಮೆಯೇ ಎಂದು ಮಾವ ನಿಂತಲ್ಲೇ ಲೆಕ್ಕ ಒಪ್ಪಿಸಿದರು. ಲೆಕ್ಕ ಸರಿಯಾಗಿತ್ತು. ಅವರ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ. ಅದರಿಂದಲೇ ಅವರ ಜೊತೆ ಬಾಳುವುದು ಕಷ್ಟವಾಗಿತ್ತು.

ಸೊಸೆ ಹಿಂಬಾಗಿಲು ಹುಡುಕಿದಳು. ಇರಲಿಲ್ಲ. ಹಿತ್ತಿಲಿರಬೇಕಾದ ಜಾಗದಲ್ಲಿ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೆ ಸೋರುವ ಪೈಪು.

"ಮಾವ, ಆವಿಗೆ ಎಲ್ಲಿಡೋದು?"

"ಅದನ್ನ ನಾನು ತಗೊಂಡಿಲ್ಲಮ್ಮ."

"ತಗೊಂಡಿಲ್ಲ ಅಂದ್ರೆ?"

"ಲೆಕ್ಕಕ್ಕೆ." ದನಿಯಲ್ಲಿ ಕೋಪವಿರಲಿಲ್ಲ, ಮಕ್ಕಳಿಗೆ ಕೂಡುವುದು ಹೇಳಿಕೊಡುವವರ ತಾಳ್ಮೆಯಿತ್ತು. "ದೀಪ, ಫ್ಯಾನು, ಫ್ರಿಜ್ಜು, ಮಿಕ್ಸಿ. ಸಂಸಾರಕ್ಕೆ ಇಷ್ಟು ಸಾಕು. ಇಲ್ಲಿಗೆ ಬಂದಮೇಲೆ ಅದೆಲ್ಲ ನಿಂತ್ಹೋಗುತ್ತೆ ಅಂತ ನಿನ್ನ ಗಂಡಾನೇ ಅಂದ."

ಗಂಡ ಸ್ವಿಚ್ ಬೋರ್ಡನ್ನು ಪರೀಕ್ಷಿಸುತ್ತಿದ್ದ.

"ನಾನು ಹಾಗಂದಿಲ್ಲ," ಎಂದ ಬೋರ್ಡಿಗೆ. "ಆಮೇಲೆ ನೋಡೋಣ ಅಂದೆ. ಅಪ್ಪ ಕೇಳಿದ್ರು, ಇರುತ್ತೆ ಅನ್ನಕ್ಕಾಗಲಿಲ್ಲ. ಇರಲ್ಲ ಅಂತಲೂ ಅಂದಿಲ್ಲ."

ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವನಿಗೆ ಸರಿಸಾಟಿಯಿರಲಿಲ್ಲ. ಅವಳಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟು ಬಂದಹಾಗೆ ಇಳಿದೂ ಹೋಗುತ್ತದೆ. ಬಂದದ್ದು ಬೇರೆ. ಅವನ ಅಂಗಿಯ ಕಾಲರು ಒಳಕ್ಕೆ ಮಡಚಿಕೊಂಡಿತ್ತು. ದಿನಾ ಅವಳ ಕೈ ತಾನಾಗಿ ಹೋಗಿ ಸರಿಮಾಡುತ್ತಿತ್ತು. ಈಗ ನೋಡಿ, ಹಾಗೇ ಬಿಟ್ಟಳು.

"ಮಾವ, ಆವಿಗೇನೂ ಸೇರಿಸಿ ಒಂದ್ಸಲ ಹೇಳಿ, ಕೇಳೋಣ. ಮೂರು ಕಂಪನೀದೂ."

ಕುಡುಕನ ಮುಂದೆ ಸೀಸೆ ಇಟ್ಟಂತಾಯಿತು. ಮಾವ ಕಣ್ಣು ಮುಚ್ಚಿದರು. ಎಷ್ಟು ಸಲ ಸುಡುತ್ತಿ, ಎಷ್ಟು ಹೊತ್ತು ಎಂದು ಕೇಳಿ ತಿಳಿದುಕೊಂಡು ತುಟಿಯಲ್ಲೇ ಗುಣಿಸಿದರು. ಮರ್ಯಾದಸ್ಥರ ಕಂಪನಿ ಏಣಿ ಹತ್ತಿ ಹತ್ತಿ ಸೂರು ದಾಟಿತು. ಊರಿನದು, ಕಳ್ಳರದೇ ಆದರೂ, ಅದಕ್ಕಿಂತ ತುಸು ಕೆಳಗೆ ನಿಂತಿತು. ಇನ್ನು ಗುಡ್ಡದ್ದು ಎಂದು ಉತ್ಸಾಹದಿಂದ ಹೊರಟವರು ಅರ್ಧಕ್ಕೆ ನಿಂತರು. ಬಾಯಿ ತೆರೆದೇ ಇತ್ತು. ದಡ್ಡರು ಗೆದ್ದಿದ್ದರು, ಅದೂ ಸಣ್ಣ ಅಂತರದಿಂದಲ್ಲ.

"ಯಾವ್ದು ಬಂತು?" ಎಂದು ಅತ್ತೆ ಕೇಳಿದರು.

"ಅದನ್ನ ಸೇರಿಸೋದೇ ತಪ್ಪು. ಹವ್ಯಾಸನ ಯಾರೂ ಮನೆ ಖರ್ಚಿಗೆ ಸೇರಿಸಲ್ಲ."

ಅತ್ತೆ ಹೋಗಿ ಅಡುಗೆಮನೆಯ ದೀಪ ಆರಿಸಿದರು, ಆಮೇಲೆ ಬಚ್ಚಲಿನದು.

"ಬಾಡಿಗೆ ಕಟ್ಟೋಳನ್ನ ಬಿಟ್ಟು ಲೆಕ್ಕ ಹಾಕಿದೀರಲ್ಲ," ಎಂದರು, ಗಂಟೆ ಎಷ್ಟಾಯಿತೆಂದು ವಿಚಾರಿಸುವ ದನಿಯಲ್ಲಿ. "ಹೋಗ್ಲಿ ಬಿಡಿ. ನಿಮ್ಮಿಂದ ಇನ್ನೇನಾಗುತ್ತೆ."

ನಡುಕೋಣೆಯದನ್ನೂ ಆರಿಸಿದರು. ಕತ್ತಲಲ್ಲಿ ಮಾವ ಏನೋ ಹೇಳಹೊರಟದ್ದು ಕೇಳಿಸಿತು. ಆಮೇಲೆ ಕೇಳಿಸಿದ್ದು ಅವರು ಬಾಗಿಲು ತಡಕುವ ಸದ್ದು.

ಸೊಸೆ ಅವರ ಜೊತೆ ಮನೆಗೆ ಮರಳಲಿಲ್ಲ. ಗುಡ್ಡದ ಕಡೆಯ ಬಸ್ಸು ಹತ್ತಿದಳು. ಗಂಡ ಕಿಟಕಿಯಡಿ ನಿಂತು, ನಾನೂ ಬರಲೇ ಎಂದು ಕೇಳಿದ. ಕೇಳಿ ಅಪ್ಪನ ಕಡೆ ನೋಡಿದ. ಅವಳು ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಸಂಜೆಯೊಳಗೆ ಹಿತ್ತಿಲೂ ಬಿಸಿಲೂ ಇದ್ದ ಮನೆಯೊಂದಕ್ಕೆ ತನ್ನ ಹೆಸರಿನಲ್ಲಿ ಮುಂಗಡ ಕೊಟ್ಟು ಬಂದು, ಯಾರು ಯಾರು ಬರುತ್ತೀರೋ ಬನ್ನಿ ಎಂದಳು.

ಎಲ್ಲರೂ ಬಂದರು. ಸಾಮಾನು ಸಾಗಿಸುವ ದಿನ ಮಾವ ಲಾರಿಯ ಮುಂದೆ, ಚಾಲಕನ ಪಕ್ಕ ಕೂತರು. ಅತ್ತೆ ಆಚೆಯ ಕಿಟಕಿಗೆ. ಬೀದಿ ತಿರುಗುವ ಮೊದಲೇ ಮಾವ ಚಾಲಕನ ಮನೆಗೆ ಯಾವ ಕಂಪನಿ ಎಂದು ವಿಚಾರಿಸಿಕೊಂಡು, ಗುಡ್ಡದ ಕಂಪನಿಯ ದರದಲ್ಲಿ ಯಾರಿಗೂ ಕಾಣದಿದ್ದ ಲಾಭವನ್ನು ತಾವು ಕಂಡುಹಿಡಿದ ಬಗೆಯನ್ನು ವಿವರಿಸತೊಡಗಿದ್ದರು.

ಹಿಂದೆ, ಹಗ್ಗ ಬಿಗಿದ ಆವಿಗೆಗೆ ಬೆನ್ನು ಕೊಟ್ಟು ಸೊಸೆ ಕೂತಿದ್ದಳು. ಮಡಿಲಲ್ಲಿ ಹಸಿ ಬಟ್ಟಲುಗಳ ಹಲಗೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಗಂಡ ಬಕೆಟ್ಟೊಂದನ್ನು ಹಿಡಿದು ನಿಂತೇ ಇದ್ದ. ಲಾರಿ ಗುಂಡಿಗಿಳಿದು ಎದ್ದಾಗ ಅವಳು ಹಲಗೆಯನ್ನು ಮಡಿಲಿನಿಂದ ಎತ್ತಿ ಆ ಜಾಗದಲ್ಲಿಟ್ಟು, ಜಾರದಂತೆ ಒಂದು ಕೈ ಆನಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಬಕೆಟ್ಟನ್ನು ಕವುಚಿ, ಲಾರಿಯ ಹಿಂಬಾಗಿಲ ಬಳಿ ಅದರ ಮೇಲೆ ಕೂತ. ಏರು ಶುರುವಾಯಿತು. ಅವನು ಕೆಳಗೆ ಸರಿಯುತ್ತಿದ್ದ ರಸ್ತೆಯನ್ನು ನೋಡುತ್ತಿದ್ದ, ಅವಳು ಬಟ್ಟಲುಗಳನ್ನು.