ಮೂರನೆಯ ಲೋಟ

ಎವಾರಿಸ್ತೋ ಯಾಕೆ ಬಂದಿದ್ದಾನೆಂಬುದು ಅವನ ಕಾರು ಗೇಟಿನ ಬಳಿ ನಿಂತಾಗಲೇ ನುಯೆನಾಗೆ ಹೊಳೆದಿತ್ತು. ಅವಳ ಮರುಭೂಮಿ ನಾಡಾದ ಸಹ್ರಾವಿ ಗಣರಾಜ್ಯಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಈ ದೇಶದ ಹೊಸ ಸರಕಾರ ಹಿಂದಕ್ಕೆ ಪಡೆಯುತ್ತದಂತೆ ಎಂಬ ಗುಸುಗುಸು ಊರೆಲ್ಲ ಹರಿದಾಡುತ್ತಿತ್ತು. ವಿದೇಶಾಂಗ ಕಚೇರಿಯವನಾದ ಅವನು ಬಾಯಿಬಿಟ್ಟು ಹೇಳಿದನೆಂದರೆ ಮುಗಿಯಿತು. ಆ ಗಳಿಗೆಯಿಂದ ಈ ಬಾಡಿಗೆ ಮನೆ ರಾಯಭಾರ ಕಚೇರಿಯಾಗಿ ಉಳಿಯುವುದಿಲ್ಲ, ಅವಳು ರಾಯಭಾರಿಯಾಗಿ ಉಳಿಯುವುದಿಲ್ಲ. ನಾಳೆ ಬೆಳಿಗ್ಗೆ ನೆರೆದೇಶಗಳ ಸಭೆಯಲ್ಲಿ ಮಾತಾಡಲು ಅವಳಿಗೆ ಕುರ್ಚಿಯೂ ಇರುವುದಿಲ್ಲ.

"ಬಾರಪ್ಪಾ, ಕೂತ್ಕೋ," ಎಂದಳು ನುಯೆನಾಳ ಸೋದರತ್ತೆ ಎಂಬಾರ್ಕಾ, ಇದ್ದಿಲ ಒಲೆಯ ಮುಂದಿನಿಂದ. "ಹೊಟ್ಟೆ ಬಂದಿದೆಯಲ್ಲೋ ನಿಂಗೆ. ನಮ್ಮ ನಿರಾಶ್ರಿತರ ಡೇರೆಗಳಲ್ಲಿ ಮಕ್ಕಳಿಗೆ ಪಾಠ ಹೇಳ್ತಿದ್ದಾಗ ಒಂಟೆ ಕಾಲಿನ ಹಾಗಿದ್ದೆ."

"ಸರಕಾರಿ ಊಟ, ಅತ್ತೆ," ಎಂದ ಎವಾರಿಸ್ತೋ. ನಗಲಿಲ್ಲ.

ಮೂರು ಲೋಟ ಚಹಾ ಮುಗಿಯುವ ತನಕ ಬಂದವರ ಕಾರಣ ಕೇಳಬಾರದು, ಬಂದವರೂ ಹೇಳಬಾರದು: ಎಂಬಾರ್ಕಾಳ ಮನೆತನದ ಕಟ್ಟು ಅದು. ಅವಳ ಡೇರೆಯಲ್ಲಿ ಉಂಡವನಾದ ಎವಾರಿಸ್ತೋಗೂ ಅದು ಗೊತ್ತಿತ್ತು.

ಮೊದಲ ಲೋಟ ಮುಗಿಯಿತು. ಬಾವಿ ಕಾಯುವ ಜಿನ್ನ್ ಎಂಬ ಭೂತದ ಎದುರು ಉಸಿರು ಬಿಗಿಹಿಡಿದು ಕೂತ ಹುಡುಗಿಯ ಕತೆಯನ್ನು ನುಯೆನಾಳ ಅಜ್ಜಿ ಅವಳ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಉಸಿರು ಬಿಟ್ಟರೆ ಬಾವಿ ಬತ್ತುತ್ತಿತ್ತು. ಈಗ ನುಯೆನಾ ಆ ಹುಡುಗಿಯ ಹಾಗೆಯೇ ಕೂತಿದ್ದಳು.

ಎರಡನೆಯ ಲೋಟ ಅರ್ಧವಾದಾಗ ಅವನ ಫೋನು ಗುನುಗಿತು.

"ಇನ್ನೂ ಹೇಳಿಲ್ಲ, ಸಾರ್. ಚಹಾ ಕುಡೀತಿದೀನಿ."

ಆಚೆಯ ಮೇಲಧಿಕಾರಿಯ ಬೈಗುಳ ಮೂವರಿಗೂ ಕೇಳಿಸಿತು. ಅವನು ಫೋನು ಆರಿಸಿ ಜೇಬಿಗಿಟ್ಟ. ಎಂಬಾರ್ಕಾ ಮೂರನೆಯದನ್ನು ಎತ್ತರದಿಂದ ನೊರೆಯೇಳುವಂತೆ ಸುರಿದಳು. ಅವನು ಲೋಟವೆತ್ತಿದ. ತುಟಿಯ ತನಕ ತಂದ.

ಅವನು ಲೋಟವನ್ನು ಹಾಗೆಯೇ ತಟ್ಟೆಗಿಟ್ಟು ಎದ್ದು ನಿಂತ.

"ಇದೇನೋ ಇದು?" ಎಂಬಾರ್ಕಾಳ ದನಿ ಏರಿತು. "ಮೂರನೇದು ಬಿಟ್ಟು ಎದ್ದವರನ್ನ ನಮ್ಮನೇಲಿ ಮನುಷ್ಯರು ಅನ್ನಲ್ಲ."

"ಗೊತ್ತು ಅತ್ತೆ. ಬೈದುಬಿಡಿ."

ನುಯೆನಾಗೆ ಅರ್ಥವಾಯಿತು. ಚಹಾ ಮುಗಿಯದೆ ಮಾತಿಲ್ಲ, ಅವನು ಮುಗಿಸಲಿಲ್ಲ; ಅವನು ಹೇಳುವ ತನಕ ಅವಳು ರಾಯಭಾರಿಯೇ. ಗೇಟಿನ ತನಕ ಅವನ ಹಿಂದೆ ಬಂದಳು.

"ನಿಮ್ಮ ಕೆಲಸ ಹೋಗತ್ತೆ."

"ಹೋಗಬಹುದು. ನಾಳೆ ಮತ್ತೆ ಬರ್ತೀನಿ, ಹೇಳಲೇಬೇಕಲ್ಲ."

"ಎಷ್ಟೊತ್ತಿಗೆ?"

"ನಿಮ್ಮ ಭಾಷಣ ಆದಮೇಲೆ," ಎಂದ ಎವಾರಿಸ್ತೋ. "ಸ್ವಲ್ಪ ಉದ್ದವೇ ಮಾಡಿ."

ಕಾರು ಹೋಯಿತು. ಒಳಗೆ ಎಂಬಾರ್ಕಾ ಅವನ ಏಳು ತಲೆಮಾರನ್ನು ಬೈಯುತ್ತಲೇ ಇದ್ದಳು. ನುಯೆನಾ ಮೇಜಿನ ಮುಂದೆ ಕೂತು, ಯಾರಿಗೂ ನೋವಾಗದಿರಲೆಂದು ಭಾಷಣದಿಂದ ಹೊಡೆದುಹಾಕಿದ್ದ ಸಾಲುಗಳನ್ನೆಲ್ಲ ಒಂದೊಂದಾಗಿ ಮತ್ತೆ ಬರೆಯತೊಡಗಿದಳು.