ಗಡಿಯಾರಕ್ಕೆ ಬೆನ್ನು ಕೊಟ್ಟು ಕೂತವರು

ಈಜುಕೊಳದ ಗೋಡೆಯ ಮೇಲೆ ದೊಡ್ಡದೊಂದು ಫಲಕ ಬೆಳಗುತ್ತಿರುತ್ತದೆ. ಯಾವ ಲೇನಿನಲ್ಲಿ ಯಾವ ಹುಡುಗ, ಎಷ್ಟು ಹೊತ್ತಿನಲ್ಲಿ ಗೋಡೆ ಮುಟ್ಟಿದ, ಎಷ್ಟನೆಯವನಾದ ಎಂಬುದನ್ನೆಲ್ಲ ಅದು ಕ್ಷಣಕ್ಷಣಕ್ಕೂ ಜಗಜ್ಜಾಹೀರು ಮಾಡುತ್ತದೆ. ಹೈಸ್ಕೂಲು ಹುಡುಗರನ್ನು ತಮ್ಮ ತಂಡಕ್ಕೆ ಆರಿಸಿಕೊಳ್ಳಲು ಬಂದ ಕಾಲೇಜು ಕೋಚುಗಳೆಲ್ಲ ಆ ಫಲಕದ ಎದುರಿಗೇ ಜಾಗ ಹಿಡಿದು ಕೂತಿದ್ದರೆ, ವೆಂಡೆಲ್ ರಾಸ್ಮುಸೆನ್ ಒಬ್ಬರು ಮಾತ್ರ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಈಜುವವರ ಹೆಸರು, ಹೊತ್ತು ಅಚ್ಚಾದ ಹಾಳೆಯನ್ನು ಬಾಗಿಲಲ್ಲಿ ಕೊಟ್ಟರೆ ಅದನ್ನು ನಾಲ್ಕಾಗಿ ಮಡಚಿ ಬೆಂಚಿನ ಒದ್ದೆ ಒರೆಸಿ ಅದರ ಮೇಲೇ ಕೂತುಬಿಡುತ್ತಿದ್ದರು. ಇವತ್ತು ಎಷ್ಟು ಬೇಗ ಈಜಿದ ಅನ್ನುವುದನ್ನು ಗಡಿಯಾರ ಹೇಳುತ್ತದೆ, ಮೂರು ವರ್ಷದ ಮೇಲೆ ಏನಾಗುತ್ತಾನೆ ಅನ್ನುವುದನ್ನು ನೀರು ಹೇಳುತ್ತದೆ ಎಂಬುದು ಅವರ ಸಿದ್ಧಾಂತ. ಸಿದ್ಧಾಂತವನ್ನು ಮಂಡಿಸಿ ಮುಗಿಸಿದ ಮೇಲೆ ಮಾತ್ರ, ಎಂದಿನಂತೆ, ತಲೆ ಕೆರೆದುಕೊಂಡು ಒಂದು ಬಾಲ ಸೇರಿಸುತ್ತಿದ್ದರು: "ಇರಬಹುದು, ಇಲ್ಲದೆಯೂ ಇರಬಹುದು."

ಈ ಬಾಲವಿಲ್ಲದ ವಾಕ್ಯವನ್ನು ಅವರ ಬಾಯಲ್ಲಿ ಕೇಳಿದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಮಳೆ ಬರುತ್ತದೆಯೇ ಎಂದರೂ ಅದೇ, ಊಟವಾಯಿತೇ ಎಂದರೂ ಅದೇ. ಅವರ ಕೈಕೆಳಗೆ ಸಹಾಯಕನಾಗಿ ದುಡಿದ ನಾನು, ಮಿನಸೋಟಾದ ಹಿಮದ ದಾರಿಗಳಲ್ಲಿ ಅವರ ಕಾರು ಓಡಿಸಿದ ನಾನು, ಎಡಕ್ಕೆ ತಿರುಗಲೇ ಬಲಕ್ಕೆ ತಿರುಗಲೇ ಎಂದು ಕೇಳುವುದನ್ನು ಮೊದಲ ಚಳಿಗಾಲದಲ್ಲೇ ಬಿಟ್ಟುಬಿಟ್ಟಿದ್ದೆ.

ಆಳು ನೀಳಕಾಯದವರು. ಒಣ ನೆಲದ ಮೇಲೆ ನಡೆಯುವಾಗಲೂ ಒದ್ದೆ ಟೈಲ್ಸಿನ ಮೇಲಿದ್ದವರಂತೆ ಪಾದ ಎತ್ತದೆ ಸವರಿಕೊಂಡು ಹೋಗುತ್ತಿದ್ದರು. ಕೊಳದ ಹಬೆಯಲ್ಲಿ ಉಳಿದವರೆಲ್ಲ ಅರೆತೋಳಿನ ಅಂಗಿಯಲ್ಲಿ ಬೆವರುತ್ತಿದ್ದರೆ ಇವರ ಮೈಮೇಲೆ ಮೊಣಕಾಲು ದಾಟುವ ಕರಿಯ ಉಣ್ಣೆಯ ಕೋಟು. ಕ್ಲೋರಿನ್ ಕುಡಿದು ಕುಡಿದು ಅದು ಎಷ್ಟು ಕಮಟು ಹಿಡಿದಿತ್ತೆಂದರೆ, ಇಗರ್ಜಿಯಲ್ಲಿ ಹಿಂದಿನ ಸಾಲಿಗೆ ಅವರು ಬಂದು ಕೂತರೆ ಮುಂದಿನ ಸಾಲಿನವರಿಗೆ ತಿರುಗಿ ನೋಡದೆಯೇ ತಿಳಿಯುತ್ತಿತ್ತು. ಆ ಕೋಟು ಅವರ ಗುರು, ಹಳೆಯ ಕೋಚ್ ಲಿಂಡ್‌ಕ್ವಿಸ್ಟರದು. ನಿಮಗೆ ಹೇಗೆ ಬಂತು ಎಂದು ಕೇಳಿದರೆ "ಸಿಕ್ತು" ಎಂದು ಮಾತು ಮುಗಿಸುತ್ತಿದ್ದರು.

ಅವರಿಗೆ ಮುಖಗಳು ನೆನಪಿರುತ್ತಿರಲಿಲ್ಲ; ನಾಲ್ಕು ವರ್ಷ ತಾವೇ ತಿದ್ದಿ ತೀಡಿದ ಹುಡುಗ ಅಂಗಡಿಯಲ್ಲಿ ಎದುರಾಗಿ ನಮಸ್ಕರಿಸಿದರೆ ಪೇಚಾಡುತ್ತಿದ್ದರು. ಆದರೆ ಅವನು ತಿರುಗಿ ನಾಲ್ಕು ಹೆಜ್ಜೆ ಹೋದನೆಂದರೆ ಆ ನಡಿಗೆಯನ್ನು ಹಿಡಿದು ಹೆಸರು, ಊರು, ತಂದೆಯ ಕಸುಬು ಎಲ್ಲವನ್ನೂ ಹೇಳುತ್ತಿದ್ದರು. ನಮ್ಮದು ಆಟಗಾರರಿಗೆ ವಿದ್ಯಾರ್ಥಿವೇತನ ಕೊಡದ ಚಿಕ್ಕ ಕಾಲೇಜು. ಒಬ್ಬ ಹುಡುಗನ ಮನೆಗೆ ಹೋಗಿ "ನೀನು ನಮಗೆ ಬೇಕು" ಎನ್ನುವ ಮಾತೊಂದೇ ನಮ್ಮ ಬಂಡವಾಳ. ಆ ಮಾತನ್ನು ರಾಸ್ಮುಸೆನ್ ಯಾರಿಗೂ ಸುಮ್ಮಸುಮ್ಮನೆ ಹೇಳುತ್ತಿರಲಿಲ್ಲ ಎಂಬುದು ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು.

ಆ ವರ್ಷ ಕಾಲೇಜಿನವರು ಒಂದು ಗಡುವು ಕೊಟ್ಟರು. ಗಂಡುಮಕ್ಕಳ ತಂಡ ವರ್ಷವರ್ಷವೂ ಸೊರಗುತ್ತಿದೆ, ಬರುವ ಶರತ್ಕಾಲಕ್ಕೆ ಲೇನುಗಳು ತುಂಬದಿದ್ದರೆ ತಂಡವನ್ನೇ ಮುಚ್ಚಲಾಗುವುದು, ಹೆಣ್ಣುಮಕ್ಕಳ ತಂಡ ಮಾತ್ರ ಉಳಿಯುವುದು. ಎಷ್ಟು ಜೋಡಿಸಿದರೂ ನಮಗೆ ಒಬ್ಬ ಕಡಿಮೆ ಬೀಳುತ್ತಿದ್ದ. ಫೆಬ್ರವರಿಯ ಕೊನೆಯಲ್ಲಿ ನಡೆದ ಹೈಸ್ಕೂಲು ಸ್ಪರ್ಧೆಗೆ ಆ ಒಬ್ಬನನ್ನು ಹುಡುಕಿಕೊಂಡೇ ಹೋದೆವು.

ಈ ಸ್ಪರ್ಧೆಗೆ ಮುಂಚೆ ಇಲ್ಲಿನ ಹುಡುಗರು ಇಡೀ ತಂಡಕ್ಕೆ ತಂಡವೇ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಸೇರಿ ತಲೆಗೂದಲಿನ ಬಣ್ಣ ತೆಗೆದು ಜೋಳದ ತೆನೆಯ ಹಳದಿಗೆ ತರುತ್ತಾರೆ. ಹಾಗಾಗಿ ನೀರಿನ ಹೊರಗೆ ಎಲ್ಲರೂ ಒಂದೇ ತಾಯಿಯ ಮಕ್ಕಳು. ನೀರೊಳಗೆ ಇಳಿದರೆ ಕನ್ನಡಕ, ಟೋಪಿ. ಆ ರಬ್ಬರು ಟೋಪಿಯ ಮೇಲೆ ಅವರವರ ಮನೆತನದ ಹೆಸರು ಅಚ್ಚಾಗಿರುತ್ತದೆ. ಐನೂರು ಗಜದ ಈಜಿನಲ್ಲಿ, ನಡುವಿನ ಲೇನಿನಲ್ಲಿ, ಹಿಂದೆ ಬಿದ್ದವನೊಬ್ಬ ಯಾವ ಅವಸರವನ್ನೂ ತೋರಿಸದೆ, ನೀರನ್ನು ನೋಯಿಸದೆ, ಒಬ್ಬೊಬ್ಬರನ್ನಾಗಿ ಹಿಂದೆ ಹಾಕುತ್ತ ಬಂದ. ರಾಸ್ಮುಸೆನ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳಿನ ಗುರುತು ಮೂಡಿತು. ಅವನು ಗೋಡೆ ಮುಟ್ಟಿ ಮೇಲೆ ಬಂದು ಪಾದಗಳನ್ನು ಒಳಕ್ಕೆ ಸೊಟ್ಟಗಿಡುತ್ತ ನಡೆದುಹೋದ. ಟೋಪಿಯ ಮೇಲಿನ ಹೆಸರನ್ನು ಅವರು ಓದಿದರು: ಹಾಗ್ಲಂಡ್. ಬೆನ್ನ ಹಿಂದಿನ ಫಲಕ ಏನು ಹೇಳುತ್ತಿತ್ತೋ ಅವರು ತಿರುಗಿ ನೋಡಲಿಲ್ಲ. ಕಾಫಿ ಚೆಲ್ಲಿದ ಅಂಗಿಯನ್ನು ಒರೆಸಿಕೊಳ್ಳುತ್ತಿದ್ದ ನಾನೂ ನೋಡಲಿಲ್ಲ.

ಆ ಶಾಲೆಯ ಕೋಚಿಗೆ ಫೋನು ಮಾಡಿ ಹಾಗ್ಲಂಡನ ನಂಬರು ಕೇಳಿದಾಗ ಆತ "ಹಾಗ್ಲಂಡಾ?" ಎಂದು ಸ್ವಲ್ಪ ಹೊತ್ತು ಸುಮ್ಮನಾದನಂತೆ. ತನ್ನ ರತ್ನವನ್ನು ಬಚ್ಚಿಡಲು ನೋಡುತ್ತಿದ್ದಾನೆ ಎಂದು ರಾಸ್ಮುಸೆನ್ ಒಳಗೊಳಗೇ ನಕ್ಕರು. ಹುಡುಗನೊಡನೆ ಫೋನಿನಲ್ಲಿ ಮಾತಾಡಿ ಆ ಈಜನ್ನು ತಿರುವು ತಿರುವಾಗಿ ಬಣ್ಣಿಸಿದರು. ಹತ್ತು ವರ್ಷದಲ್ಲಿ ಅಂಥದ್ದನ್ನು ಕಂಡಿರಲಿಲ್ಲ, ನೀನು ನಮಗೆ ಬೇಕು ಎಂದರು. ಅತ್ತಲಿಂದ ಮಾತೇ ಬರಲಿಲ್ಲ. ಎಂಥ ವಿನಯ ಎಂದು ನನಗೆ ಹೇಳಿ, ಬಾಲ ಸೇರಿಸಿದರು.

ಮಾರ್ಚಿನಲ್ಲಿ ಹಾಗ್ಲಂಡರ ಮನೆಗೆ ಊಟಕ್ಕೆ ಹೋದೆವು. ತಾಯಿ ಕರೀನ್, ಮಾಂಸದ ಮೇಲೆ ಆಲೂಗಡ್ಡೆಯ ತುಣುಕುಗಳನ್ನು ಒತ್ತೊತ್ತಾಗಿ ಜೋಡಿಸಿ ಬೇಯಿಸಿದ ಹಾಟ್‌ಡಿಶ್ ಅನ್ನು ಮೇಜಿನ ನಡುವೆ ಇಟ್ಟು ಮಗನನ್ನು ಕೂಗಿದಳು. ಗ್ರಾಂಟ್ ಹಾಗ್ಲಂಡ್ ಮಹಡಿಯಿಂದ ಇಳಿದು ಬಂದ: ದಪದಪ ಸದ್ದು ಮಾಡುತ್ತ, ಪಾದಗಳನ್ನು ಬಾತುಕೋಳಿಯಂತೆ ಹೊರಕ್ಕೆ ಹಾಕುತ್ತ. ರಾಸ್ಮುಸೆನ್ ಬಾಯಿಗೆ ಒಯ್ಯುತ್ತಿದ್ದ ಫೋರ್ಕನ್ನು ಕೆಳಗಿಟ್ಟರು. ಅವರ ಮುಖ ಕಂಡು ನನಗೂ ಅನುಮಾನ ಬಂತು. ಕರೀನ್ ಮಾತ್ರ ಸಂತೋಷದಲ್ಲಿ ಮಾತಾಡುತ್ತಲೇ ಇದ್ದಳು. ಈಜು ಸಾಕು, ನನ್ನ ಕೈಲಿ ಆಗದ್ದು ಎಂದು ಕೈಬಿಟ್ಟಿದ್ದವನು ನಿಮ್ಮ ಫೋನು ಬಂದಾಗಿನಿಂದ ದಿನವೂ ನಸುಕಿನಲ್ಲೆದ್ದು ಕೊಳಕ್ಕೆ ಹೋಗುತ್ತಿದ್ದಾನೆ ಎಂದಳು. ನಮ್ಮ ಗ್ರಾಂಟನನ್ನು ಇದುವರೆಗೆ ಯಾರೂ ಬೇಕು ಅಂದಿರಲಿಲ್ಲ ಎಂದು ಅವಳು ಹೇಳಿದಾಗ ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ. ರಾಸ್ಮುಸೆನರೂ ಎತ್ತಲಿಲ್ಲ.

ಊರು ದಾಟಿದ ಮೇಲೆ ರಾಸ್ಮುಸೆನ್ ಕಾರು ನಿಲ್ಲಿಸಲು ಹೇಳಿ ಶಾಲೆಯ ಕೋಚಿಗೆ ಫೋನು ಮಾಡಿದರು. ಆ ಐನೂರು ಗಜ ಈಜಿದ್ದು ಪ್ರೆಂಟಿಸ್ ಎಂಬ ಬೇರೆ ಹುಡುಗ. ಆರಂಭಕ್ಕೆ ಮುನ್ನ ಅವನ ಟೋಪಿ ಹರಿದುಹೋಗಿ ಯಾರದ್ದನ್ನೋ ಎರವಲು ಹಾಕಿಕೊಂಡಿದ್ದ. ಇಷ್ಟರಲ್ಲಿ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಮಾತು ಕೊಟ್ಟೂ ಆಗಿತ್ತು. ಫಲಕದ ಕಡೆ ಒಮ್ಮೆ ಕತ್ತು ತಿರುಗಿಸಿದ್ದರೆ ಸಾಕಾಗಿತ್ತು.

ತಿರುಗಿ ಹೋಗಿ ಹೇಳಿಬಿಡೋಣ ಎಂದೆ ನಾನು.

"ಹೇಳ್ಬೇಕು," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಹೇಳೋದು ಹೆಂಗಪ್ಪಾ?" ಎಂದರು.

ಅಲ್ಲಿಂದ ಮುಂದಿನ ವಾರಗಳಲ್ಲಿ ಅವರು ಪಟ್ಟ ಗೊಂದಲವನ್ನು ನೋಡಿ ನನಗೆ ನಗು ಬರುತ್ತಿತ್ತು, ಆಮೇಲೆ ನಗು ನಿಂತುಹೋಯಿತು. ಹೇಳಿದರೆ ಹುಡುಗ ಬರುವುದಿಲ್ಲ, ಒಬ್ಬ ಕಡಿಮೆಯಾಗಿ ತಂಡ ಮುಚ್ಚುತ್ತದೆ. ಹೇಳದಿದ್ದರೆ ಇನ್ನೊಬ್ಬನಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಇವನು ನಾಲ್ಕು ವರ್ಷ ಹೊತ್ತು ಈಜುತ್ತಾನೆ. ತಾನು ಬಾಯಿ ಮುಚ್ಚಿಕೊಂಡಿರುವುದು ಹುಡುಗನ ಮೇಲಿನ ಮರುಕದಿಂದಲೋ ತಂಡದ ಆಸೆಯಿಂದಲೋ ಎಂಬುದೇ ಅವರಿಗೆ ಬಗೆಹರಿಯಲಿಲ್ಲ. ನನ್ನನ್ನು ಕೇಳಿದರು, ನನಗೂ ಬಗೆಹರಿಯಲಿಲ್ಲ. ಬೆಳಿಗ್ಗೆ ಪತ್ರ ಬರೆದುಬಿಡುತ್ತೇನೆ ಎಂದು ಬಂದವರು ಮಧ್ಯಾಹ್ನ ಹಾಸ್ಟೆಲಿನಲ್ಲಿ ಅವನಿಗಾಗಿ ಹಾಸಿಗೆ ಗೊತ್ತು ಮಾಡುತ್ತಿದ್ದರು.

ಏಪ್ರಿಲಿನಲ್ಲಿ ಗ್ರಾಂಟ್ ಕಾಲೇಜು ನೋಡಲು ಬಂದ. ನಮ್ಮ ಹುಡುಗರ ಕೋಣೆಯಲ್ಲಿ ತಂಗಿದ, ಅವರ ಜೊತೆ ಬೆಳಿಗ್ಗೆ ಪ್ಯಾನ್‌ಕೇಕ್ ತಿಂದ. ನೋಡಲು ಬಂದ ಹುಡುಗನನ್ನು ನೀರಿಗಿಳಿಸಿ ಪರೀಕ್ಷಿಸುವಂತಿಲ್ಲ ಎಂಬುದು ನಮ್ಮ ನಿಯಮ. ಆದ್ದರಿಂದ ಬೂಟು ಕಳಚಿ ಕೊಳದ ಅಂಚಿನಲ್ಲಿ ಕೂತು ಉಳಿದವರ ಅಭ್ಯಾಸ ನೋಡುತ್ತಿದ್ದ. ರಾಸ್ಮುಸೆನ್ ಕೋಟಿನ ಸಮೇತ ಅವನ ಪಕ್ಕದಲ್ಲಿ ಕುಕ್ಕರಿಸಿದರು. ಅವರು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ:

"ಕೋಚ್, ಅವತ್ತು ನೀವು ನೋಡಿದ್ದು ನನ್ನನ್ನಲ್ಲ. ಟೋಪಿ ನಂದು. ಈಜಿದ್ದು ಪ್ರೆಂಟಿಸ್."

"ಗೊತ್ತು ಕಣೋ. ನೀನು ಮೆಟ್ಲು ಇಳಿದು ಬಂದಾಗ್ಲೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನಿಂಗೊತ್ತಿಲ್ಲ ಅಂದ್ಕೊಂಡಿದ್ದೆ. ನೀನ್ಯಾಕೆ ಹೇಳ್ಲಿಲ್ಲ?"

"ನಿಮಗೆ ಗೊತ್ತಾಗೋದೇ ಬೇಡ ಅಂದ್ಕೊಂಡಿದ್ದೆ."

ಪ್ರೆಂಟಿಸ್ ಈಜುವಾಗ ನೀನೆಲ್ಲಿದ್ದೆ ಎಂದು ರಾಸ್ಮುಸೆನ್ ಕೇಳಿದರು. ಅದೇ ಈಜಿನಲ್ಲಿ, ಕೊನೆಯ ಲೇನಿನಲ್ಲಿ, ಟೋಪಿಯಿಲ್ಲದೆ, ಎಂದ. ಅವರು ಹಣೆ ಒತ್ತಿಕೊಂಡು ನೆನಪಿಸಿಕೊಂಡರು.

"ಟೋಪಿ ಇಲ್ದವನು ನೀನಾ? ನಿನ್ನ ನೋಡಿ, ಎಂಥ ಬೇಜವಾಬ್ದಾರಿ ಹುಡುಗನಪ್ಪಾ ಅಂದ್ಕೊಂಡೆ. ಅವನಿಗ್ಯಾಕೆ ಕೊಟ್ಟೆ?"

ಇಲ್ಲಿ ಏನಾದರೂ ಉದಾತ್ತವಾದ ಉತ್ತರ ಬರಬಹುದೆಂದು, ಆಗ ಎಲ್ಲರ ಗೊಂದಲವೂ ಹರಿಯಬಹುದೆಂದು, ಹಿಂದೆ ಟವೆಲುಗಳನ್ನು ಮಡಚುತ್ತಿದ್ದ ನಾನು ಕಿವಿ ನಿಮಿರಿಸಿದೆ.

"ಅವನ ಕೂದ್ಲು ಉದ್ದ ಇತ್ತು, ಕಣ್ಣಿಗೆ ಬೀಳ್ತಿತ್ತು. ನಂದು ಗಿಡ್ಡ. ಅಷ್ಟೇ," ಎಂದ ಹುಡುಗ. ಆಮೇಲೆ ಕೇಳಿದ: "ನಾನು ಬರ್ಲೋ ಬೇಡ್ವೋ? ಅದೊಂದು ಹೇಳಿ ಸಾಕು."

ರಾಸ್ಮುಸೆನ್ ಕೋಟಿನ ಅಂಚನ್ನು ಹಿಡಿದು ತಿರುವುತ್ತ ತಮ್ಮ ಕಥೆ ಹೇಳತೊಡಗಿದರು. ಇಷ್ಟು ವರ್ಷ ಜೊತೆಗಿದ್ದ ನಾನೂ ಅದನ್ನು ಕೇಳಿರಲಿಲ್ಲ. ತಮ್ಮ ಹೈಸ್ಕೂಲಿನಲ್ಲಿ ತಾವೇ ಎಲ್ಲರಿಗಿಂತ ನಿಧಾನ. ಆದರೂ ಒಂದು ಚಳಿಗಾಲದಲ್ಲಿ ಲಿಂಡ್‌ಕ್ವಿಸ್ಟ್ ಇವರ ಮನೆಗೆ ಬಂದು "ನೀನು ನಮಗೆ ಬೇಕು" ಎಂದರು. ಇವರ ಮೈಮೇಲೆ ಒಳ್ಳೆಯ ಕೋಟಿಲ್ಲದ್ದನ್ನು ಕಂಡು ತಮ್ಮದನ್ನೇ ಬಿಚ್ಚಿ ಹೊದಿಸಿ ಹೋದರು.

"ಯಾಕೆ ನನ್ನ ಆರಿಸಿದ್ರಿ ಅಂತ ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರೆ, ಅಯ್ಯೋ ತಪ್ಪಾಯ್ತು, ಬೇರೆಯವನು ಅಂತ ಅಂದ್ಕೊಂಡಿದ್ದೆ ಅಂದ್ಬಿಟ್ರೆ? ಅವರು ಹೋಗ್ಬಿಟ್ರು. ನಾನಿನ್ನೂ ಕಾಯ್ತಾನೇ ಇದೀನಿ, ಯಾರಾದ್ರೂ ಬಂದು ತಪ್ಪಾಯ್ತು ಅಂತಾರೇನೋ ಅಂತ."

ಹುಡುಗ ಅವರನ್ನೇ ನೋಡುತ್ತಿದ್ದ. ಅವನಿಗೆ ಎಷ್ಟು ಅರ್ಥವಾಯಿತೋ.

"ಬಾ," ಎಂದರು ರಾಸ್ಮುಸೆನ್.

ನಾನು ಬಾಲಕ್ಕಾಗಿ ಕಾದೆ. ಅದು ಬರಲಿಲ್ಲ.

ಗ್ರಾಂಟ್ ಬಂದ, ಲೇನುಗಳು ತುಂಬಿದವು, ತಂಡ ಉಳಿಯಿತು. ಪ್ರೆಂಟಿಸ್ ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ರಾಸ್ಮುಸೆನರ ಕಣ್ಣು ಹೇಳಿದಷ್ಟೇ, ಗಡಿಯಾರ ಹೇಳಿದಷ್ಟೇ ಚೆನ್ನಾಗಿ ಈಜಿದ. ಗ್ರಾಂಟ್ ನಾಲ್ಕು ವರ್ಷವೂ ಅಂಚಿನ ಲೇನಿನಲ್ಲೇ ಈಜಿದ. ಐನೂರು ಗಜವನ್ನು ಒಮ್ಮೆಯೂ ಗೆಲ್ಲಲಿಲ್ಲ. ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ ಎಂದು ಬರೆಯಲು ಕೈ ತುಡಿಯುತ್ತದೆ, ಆದರೆ ಬೇಕಾದಷ್ಟು ಸಲ ತಪ್ಪಿಸಿದ. ಕೊನೆಯ ವರ್ಷ ಒಂದು ಸ್ಪರ್ಧೆಯಲ್ಲಿ ಮಾತ್ರ ಎರಡನೆಯವನಾದ. ಅವತ್ತು ರಾಸ್ಮುಸೆನ್ ಕತ್ತು ತಿರುಗಿಸಿ ಫಲಕವನ್ನು ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ನಿವೃತ್ತರಾಗುವವರೆಗೂ, ಮನಸ್ಸಿಗೆ ಹಿಡಿಸಿದ ಹುಡುಗ ಸಿಕ್ಕಿದರೆ ಅವರು ಮೊದಲು ಕೇಳುತ್ತಿದ್ದದ್ದು "ಈ ಟೋಪಿ ನಿಂದೇನಾ?" ಎಂದೇ.

ಇನ್ನೊಬ್ಬರನ್ನು ಆರಿಸುವುದನ್ನೇ ಕಸುಬು ಮಾಡಿಕೊಂಡವರು ತಮ್ಮ ಕಣ್ಣಿನ ಮೇಲೆ ಅಪಾರ ಭರವಸೆ ಇಟ್ಟವರೆಂದು ಹೊರಗಿನವರು ತಿಳಿಯುತ್ತಾರೆ. ನಾನು ಕಂಡದ್ದು ಬೇರೆ. ತಮ್ಮನ್ನು ಯಾಕೆ ಆರಿಸಿದರೆಂಬುದು ತಿಳಿಯದೇ ಹೋದ ಕೆಲವರು, ಆ ಒಗಟನ್ನು ಬಿಡಿಸಲಾರದೆ, ಊರೂರು ಅಲೆದು ಕಂಡವರ ಮಕ್ಕಳಿಗೆ "ನೀನು ಬೇಕು" ಎಂದು ಹೇಳುತ್ತ ಆಯುಷ್ಯ ಕಳೆಯುತ್ತಾರೆ. ಹಾಗೆ ಹೇಳಿಸಿಕೊಂಡವನು ಸರಿಯಾದವನೇ ಆಗಿದ್ದನೋ, ಅಥವಾ ಹೇಳಿಸಿಕೊಂಡದ್ದರಿಂದಲೇ ಸರಿಯಾದನೋ ಎಂದು ಒಮ್ಮೆ ರಾಸ್ಮುಸೆನರನ್ನೇ ಕೇಳಿದೆ. ಅವರು ಕೋಟಿನ ಗುಂಡಿ ಹಾಕಿಕೊಂಡು, ನನಗೂ ಗೊತ್ತಿಲ್ಲ ಎಂದು ಹೇಳಿ ಒಣ ನೆಲದ ಮೇಲೆ ಮೆಲ್ಲಗೆ ಪಾದ ಸವರುತ್ತ ಮನೆಯ ದಾರಿ ಹಿಡಿದರು.